ಅಸ್ತರಿನ ಮೇಲಿನ ಹೆಸರು

ಸೊಲ್ಲಾಪುರ, ೧೯೭೪

ಅಪ್ಪಾ,

ಸತ್ತವರಿಗೆ ಟಪಾಲು ಮುಟ್ಟುವುದಿಲ್ಲ, ಆದರೂ ಕೇಳು. ಐವತ್ತು ವರ್ಷದ ಹಿಂದೆ ನಾನು ಕಸೂತಿ ಹಾಕಿದ್ದ ಚರ್ಚಿನ ನಿಲುವಂಗಿಯನ್ನು ಪಾದ್ರಿಗಳು ಇವತ್ತು ರಿಪೇರಿಗೆ ತಂದರು. ಒಳಗಿನ ಅಸ್ತರಿನ ಬಟ್ಟೆಯ ಮೇಲೆ ನಿನ್ನ ಹೆಸರಿದೆ. ಹುಡುಗಿಯ ಹೆಸರು ನಡೆಯುವುದಿಲ್ಲವೆಂದು ನಿನ್ನ ಹೆಸರನ್ನೂ ನನ್ನ ಕೈಯಿಂದಲೇ ಹೊಲಿಸಿದೆಯಲ್ಲ.

“ಇದನ್ನ ಹೊಲಿದಾಂವ ಈ ರಾಚಪ್ಪ ಏನ್ರಿ?” ಎಂದು ಕೇಳಿದರು.

“ಅಂವಾ ಅಂಗಡಿ ಗಾದಿ ಮ್ಯಾಲ ಕುಂತಾಂವ್ರಿ. ಹೊಲಿದಾಕಿ ನಾ” ಎಂದೆ.

ಅವರೆದುರೇ ನಿನ್ನ ಹೆಸರಿನ ಒಂದೊಂದು ಹೊಲಿಗೆಯನ್ನೂ ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಹಾಯೆನಿಸಿತು.

ಆದರೆ ಸೂಜಿಯ ತೂತುಗಳಲ್ಲಿ ನಿನ್ನ ಹೆಸರು ಇನ್ನೂ ಕಾಣುತ್ತದೆ. ನೀರು ಸವರಿ ಉಗುರಿನಿಂದ ಉಜ್ಜಿದರೆ ತೂತು ಮುಚ್ಚುತ್ತದೆ ಎಂದು ಕಲಿಸಿದವನು ನೀನೇ. ನೀರಿನ ಬಟ್ಟಲು ಬೆಳಗಿನಿಂದ ಪಕ್ಕದಲ್ಲಿದೆ. ಇನ್ನೂ ಬೆರಳು ಅದ್ದಿಲ್ಲ.

ಕಸ್ತೂರಿ