ಚಿವುಟಿದ ಬನ್ನು

ಬೇಕರಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಮುದ್ದಿನ ಮಗಳೇ,

ನಾವಿಲ್ಲಿ ಆರೋಗ್ಯವಾಗಿದ್ದೇವೆ. ಊಟ ಆಯಿತೇ ಎಂದು ಕೇಳದೆ ನಿನಗೆ ಈವರೆಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಇವತ್ತು ಆ ಮಾತನ್ನು ನುಂಗಿಕೊಂಡು ಬರೆಯುತ್ತಿದ್ದೇನೆ. ಹೆಂಗಸರಿಗೂ ಮತದ ಹಕ್ಕು ಬೇಕೆಂದು ಶಾಸನಸಭೆಯ ಬಾಗಿಲಿಗೆ ಅಡ್ಡ ಕೂತು ಜೈಲು ಸೇರಿದೆ, ಅದನ್ನು ಹೇಗೋ ತಡೆದುಕೊಂಡೆ. ಅಲ್ಲಿ ಉಪವಾಸ ಕೂತಿದ್ದೀಯೆ ಎಂದು ತಿಳಿದಾಗಿನಿಂದ ನನ್ನ ಗಂಟಲಲ್ಲೂ ತುತ್ತು ಇಳಿಯುತ್ತಿಲ್ಲ.

ನಿನ್ನ ಅಜ್ಜಿ ಇದೇ ಹಕ್ಕಿಗಾಗಿ ಅರ್ಜಿ ಹಿಡಿದು ಮನೆ ಮನೆ ತಿರುಗಿ ಸಹಿ ಹಾಕಿಸಿದ್ದಳು. ಸಭೆಯವರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನನ್ನ ಕಾಲಕ್ಕೆ ನಗುವುದನ್ನು ಬಿಟ್ಟು, "ಮುಂದಿನ ವರ್ಷ ನೋಡೋಣಮ್ಮಾ" ಎನ್ನಲು ಕಲಿತರು. ಆ ಮುಂದಿನ ವರ್ಷಕ್ಕೆ ಕಾದು ಕಾದು ನಮ್ಮ ತಲೆ ನರೆಯಿತು. ನಿನಗೆ ಆ ತಾಳ್ಮೆ ಇಲ್ಲದ್ದು ಒಳ್ಳೆಯದೇ ಆಯಿತು ಎಂದು ಹಗಲಲ್ಲಿ ಅನ್ನಿಸುತ್ತದೆ. ಕತ್ತಲಾದರೆ, ನೀನು ಮನೆಗೆ ಬಂದರೆ ಸಾಕಪ್ಪಾ ಅನ್ನಿಸುತ್ತದೆ.

ನಿಮ್ಮಪ್ಪನ ವಿಷಯ ಗೊತ್ತಲ್ಲ. "ಮತ ಹಾಕಿದ್ರೆ ಹಿಟ್ಟು ಬೇಗ ಉಬ್ಬತ್ತಾ?" ಎಂದು ನಮ್ಮಿಬ್ಬರ ಕಾಲೆಳೆಯುತ್ತಿದ್ದವರು. ಜೈಲಿಗೆ ಬನ್ನು ಹೋಗುವುದು ನಮ್ಮ ಭಟ್ಟಿಯಿಂದಲೇ ಅಲ್ಲವೇ. ನೀನು ಒಳಗೆ ಹೋದ ಮೇಲೆ ದಿನಾ ಒಂದು ಬನ್ನಿನ ನೆತ್ತಿಯನ್ನು ಹಸಿಯಿದ್ದಾಗಲೇ ಚಿವುಟಿ ಬೇಯಿಸುತ್ತಿದ್ದರು, ಚಿಕ್ಕವಳಿದ್ದಾಗ ನಿನ್ನ ಪಾಲಿಗೆ ಗುರುತು ಮಾಡುತ್ತಿದ್ದ ಹಾಗೆ. ಅದನ್ನು ನಿನಗೇ ಕೊಡಬೇಕೆಂದು ಕಾವಲಿನ ಹೆಂಗಸಿಗೆ ಹೇಳಿಯೂ ಇದ್ದರು. ಸಂಜೆ ಬುಟ್ಟಿ ವಾಪಸು ಬಂದಾಗ ತಳದಲ್ಲಿ ಅದೊಂದು ಹಾಗೇ ಇರುತ್ತಿತ್ತು. ಅದನ್ನು ಮುಂದಿಟ್ಟುಕೊಂಡು ಭಟ್ಟಿ ಆರುವವರೆಗೂ ಕೂರುತ್ತಿದ್ದರು.

ನಿನ್ನೆ ಜೈಲಿನ ಅಧಿಕಾರಿ ಮನೆಗೇ ಬಂದರು. "ತಾಯಿ ಹೇಳಿದ್ರೆ ಕೇಳ್ತಾಳೆ. ಉಪವಾಸ ಬಿಡು ಅಂತ ಎರಡು ಸಾಲು ಬರ್ಕೊಡಿ" ಎಂದರು. ಪೆನ್ನು ಕೈಗೆ ತೆಗೆದುಕೊಂಡೂ ಬಿಟ್ಟೆ. ಬರೆಯಬೇಕೆಂದು ಎಷ್ಟು ಆಸೆಯಾಯಿತು ಗೊತ್ತೇ? ಆದರೆ ನನ್ನ ಕೈಯಿಂದಲೇ ನಿನ್ನ ಕೈ ಕಟ್ಟಿಸಲು ಬಂದಿದ್ದಾರೆ ಅನ್ನಿಸಿ, ಆಗುವುದಿಲ್ಲ ಎಂದೆ. ತಿನ್ನುವುದು ಬಿಡುವುದು ನಿನಗೆ ಸೇರಿದ್ದು. ಬದುಕಿ ಬಾ, ಅಷ್ಟೇ ಕೇಳುತ್ತೇನೆ.

ನನ್ನ ಆಯುಸ್ಸೂ ಸೇರಿ ನಿನಗಿರಲಿ.

ನಿನ್ನ ಅಮ್ಮ

ಮರೆತಿದ್ದೆ: ನಿನ್ನ ವಕೀಲರ ಹೆಂಡತಿ ಈ ಕಾಗದವನ್ನು ನಿನಗೆ ಒಯ್ಯಲು ಬಾಗಿಲಲ್ಲೇ ನಿಂತಿದ್ದಾರೆ. ಇವತ್ತು ಚಿವುಟಿದ ಬನ್ನು ಬರಲಿಲ್ಲವೆಂದು ಅಪ್ಪನಿಗೆ ಕೋಪ ಬಂದಿದೆ ಅಂದುಕೊಳ್ಳಬೇಡ. ಉಳಿದವರಿಗೆಲ್ಲ ಬೇಯಿಸಿ ಕಳಿಸಿದರು. "ಬೇಡ ಅಂದವಳ ಮುಂದೆ ದಿನಾ ತಿಂಡಿ ಇಟ್ಟಿದ್ದು ನಂದೇ ತಪ್ಪು ಕಣೇ" ಎಂದರು. ಆಮೇಲೆ ಮೈಮೇಲಿನ ಹಿಟ್ಟನ್ನೂ ಕೊಡವದೆ ಹೊರಟು, ಶಾಸನಸಭೆಯ ಬಾಗಿಲಲ್ಲಿ ನೀನು ಕೂತಿದ್ದ ಜಾಗದಲ್ಲೇ ಹೋಗಿ ಕೂತಿದ್ದಾರೆ. ಬೆಳಿಗ್ಗೆಯಿಂದ ಅವರೂ ಏನೂ ತಿಂದಿಲ್ಲ.