ಕರಿ ಕಾರು, ಬೆಳ್ಳಿ ಕಾರು

ಕುದೂರು
9-11-2007

ಮನೋಹರ್ ಅವರಿಗೆ ಲತಾಮಣಿಯ ನಮಸ್ಕಾರಗಳು.

ಹೆಸರು ಹಿಡಿದು ಬರೆದಿದ್ದಾಳೆ ಎಂದು ಹುಬ್ಬು ಗಂಟಿಕ್ಕಬೇಡಿ. ನೀವು ವಕೀಲರ ಕೈಲಿ ಬರೆಸಿ ಕಳಿಸಿದ ವಿಚ್ಛೇದನದ ಕಾಗದದಲ್ಲಿ ನೀವು ಒಂದನೇ ಅರ್ಜಿದಾರರು, ನಾನು ಎರಡನೇ ಅರ್ಜಿದಾರಳು. ಹನ್ನೊಂದು ವರ್ಷ ಸಂಸಾರ ಮಾಡಿದವರಿಗೆ ಇಷ್ಟು ಚೆನ್ನಾಗಿ ನಂಬರು ಹಾಕಿದ ವಕೀಲರಿಗೆ ನನ್ನದೊಂದು ಶಹಭಾಸ್ ಹೇಳಿ. ತೋರಿಸಿದ ಕಡೆಯಲ್ಲೆಲ್ಲ ರುಜು ಹಾಕಿದ್ದೇನೆ. ಅಣ್ಣ ಅನಂತರಾಜು ನಾಳೆ ರಿಜಿಸ್ಟರ್ ಪೋಸ್ಟ್ ಮಾಡುತ್ತಾನೆ.

ಕಾಗದಗಳ ನಡುವೆ ನಿಮ್ಮ ಕೈಬರಹದ ಚೀಟಿಯೂ ಸಿಕ್ಕಿತು. ನಾನು ಏನು ಮಾಡಿದೆ ಎಂದು ಬಿಟ್ಟು ಹೋದೆ ಲತಾ, ಅದೊಂದನ್ನು ಹೇಳಿಬಿಡು ಎಂದು ಬರೆದಿದ್ದೀರಿ. ನಾನು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಕೇಳುವ ಹಕ್ಕು ನಿಮಗಿದೆ. ಹೇಳಬೇಕೆಂದರೆ ಕಾರಿನಿಂದ ಶುರು ಮಾಡಬೇಕು.

ನಮ್ಮ ಹಿಪ್ಪುನೇರಳೆ ತೋಟ ಬಿಡದಿಯ ಕೈಗಾರಿಕಾ ಪ್ರದೇಶಕ್ಕೆ ಸೇರಿ ಕೈಗೆ ದುಡ್ಡು ಬಂದಾಗ ಊರವರೆಲ್ಲ ಸೈಟು ತಗೊಂಡರು, ಬಾಡಿಗೆ ಮನೆ ಕಟ್ಟಿಸಿದರು. ನಿಮಗೆ ಮಾತ್ರ ದೊಡ್ಡ ಕಾರೇ ಬೇಕಾಯಿತು. ರೇಷ್ಮೆಗೂಡಿನ ಚೀಲವನ್ನೂ ಹೆಂಡತಿಯನ್ನೂ ಒಂದೇ ಮೊಪೆಡ್ಡಿನಲ್ಲಿ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಓಡಾಡಿದವರು ನೀವು. ಆ ಆಸೆ ತಪ್ಪು ಎಂದು ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕಷ್ಟವಾದದ್ದು ಎರಡು ಕಾರು ಒಟ್ಟಿಗೆ ನಿಮ್ಮ ತಲೆ ಹೊಕ್ಕಿದ್ದು. ಎರಡೂ ಹದಿನಾಲ್ಕು ಲಕ್ಷದ ಆಸುಪಾಸು, ನಡುವೆ ಬರೀ ಹನ್ನೊಂದು ಸಾವಿರದ ವ್ಯತ್ಯಾಸ. ಕಂಪನಿಗಳ ಹೆಸರು ನನ್ನ ಬಾಯಲ್ಲಿ ತಿರುಗದೆ ಮನೆಯಲ್ಲಿ ಕರಿದು, ಬೆಳ್ಳಿದು ಎಂದೇ ಆಯಿತು. ಒಂದು ತಿಂಗಳು ಅವುಗಳ ಬಣ್ಣದ ಪುಸ್ತಕಗಳನ್ನು ತಟ್ಟೆಯ ಪಕ್ಕ ಇಟ್ಟುಕೊಂಡೇ ಉಂಡಿರಿ. ಬೆಳ್ಳಿದರ ಮೇಲೆ ಬಸ್ಸಾರು ಚೆಲ್ಲಿದ್ದಕ್ಕೆ ನನ್ನನ್ನು ಬೈದಿರಿ, ಚೆಲ್ಲಿದವರು ನೀವೇ.

ಗ್ಯಾರೇಜಿನ ಮುಕ್ತಿಯಾರ್‌ನನ್ನು ಕರೆಸಿ ಪಂಚಾಯಿತಿಗೆ ಕೂರಿಸಿದಿರಿ. ಅವನು ಎರಡೂ ಪುಸ್ತಕ ತಿರುವಿ, "ನೀನೇ ಓಡಿಸ್ತೀನಿ ಅಂದ್ರೆ ಕರಿದು ತಗೋ ಅಣ್ಣ, ಎಂಜಿನ್ ಭಾರಿ ಐತೆ. ಹಿಂದ್ಗಡೆ ಕೂರೋರು ಮುಖ್ಯ ಅಂದ್ರೆ ಬೆಳ್ಳಿದು. ಕಾಲು ಚಾಚ್ಕೋಬೋದು, ಗುಂಡಿಗೆ ಬಿದ್ರೂ ಸೊಂಟಕ್ಕೆ ಗೊತ್ತಾಗಕಿಲ್ಲ" ಎಂದ. ನೀವು ನನ್ನ ಮುಖ ನೋಡಿದಿರಿ. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ಶೋರೂಮಿನವರು ಬೆಳ್ಳಿದನ್ನು ಓಡಿಸಿ ನೋಡಲೆಂದು ಮನೆ ಬಾಗಿಲಿಗೇ ತಂದರು. ನೀವು ಸ್ಟೀರಿಂಗ್ ಹಿಡಿದಿರಿ, ಹಿಂದೆ ಅತ್ತೆ ಮತ್ತು ನಾನು. ಮಾಗಡಿ ರಸ್ತೆಗೆ ಬಂದಾಗ ಅತ್ತೆ ನಮ್ಮಿಬ್ಬರ ನಡುವಿನ ಜಾಗವನ್ನು ಅಂಗೈಯಿಂದ ತಟ್ಟಿ, "ಇಲ್ಲಿ ಒಂದು ಕೂಸು ಕಾಲು ನೀಡ್ಕೊಂಡು ಮಲಗ್ಬೋದು ಕಣ್ಲಾ. ದೇವ್ರು ದುಡ್ಡು ಕೊಟ್ಟವ್ನೆ, ನಿಂಗೂ ಇನ್ನೂ ವಯಸ್ಸೈತೆ. ಇನ್ನೊಂದು ಹೆಣ್ಣು ತಂದ್ರೆ ಬ್ಯಾಡ ಅನ್ನೋರು ಯಾರು" ಎಂದರು. ಹನ್ನೊಂದು ವರ್ಷಕ್ಕೂ ನನಗೆ ಮಕ್ಕಳಾಗಿರಲಿಲ್ಲ, ಅದು ಊರಿಗೇ ಗೊತ್ತಿದ್ದ ವಿಷಯ. ಆದರೂ ನಾನು ಪಕ್ಕದಲ್ಲೇ ಕೂತಿದ್ದೆ, ಸೀಟಿನ ಕವರಿನ ಹಾಗೆ. ನೀವು ಕನ್ನಡಿಯಲ್ಲಿ ಒಮ್ಮೆ ನೋಡಿದಿರಿ. ಏನಾದರೂ ಅನ್ನುತ್ತೀರೆಂದು ಕಾದೆ. ನೀವು ಗೇರು ಬದಲಿಸಿದಿರಿ.

ನಿಮ್ಮ ಗೊಂದಲ ಬಗೆಹರಿಯದೆ ಕೊನೆಗೆ ಕಬ್ಬಾಳಿನ ಅಮ್ಮನ ಗುಡಿಗೆ ಹೋದೆವು. ನಿಮ್ಮ ಮನೆತನದ ಪದ್ಧತಿಯೇ ಅದು. ಅಮ್ಮನ ಎರಡೂ ಭುಜದ ಮೇಲೆ ಹೂ ಇಡಿಸಿ ಮನಸ್ಸಿನಲ್ಲಿ ಕೇಳಿಕೊಳ್ಳುವುದು, ಬಿದ್ದ ಹೂವೇ ಅಪ್ಪಣೆ. ಮಾವ ಕೊಳವೆಬಾವಿ ಕೊರೆಸುವಾಗಲೂ ಹಾಗೆ ಕೇಳಿದ್ದರು, ನನ್ನನ್ನು ಸೊಸೆಯಾಗಿ ತರುವಾಗಲೂ ಕೇಳಿದ್ದರು. ಬಲಗಡೆ ಕೊಟ್ಟರೆ ಬೆಳ್ಳಿದು, ಎಡಗಡೆ ಕೊಟ್ಟರೆ ಕರಿದು ಎಂದು ಸಾಲಿನಲ್ಲಿ ನಿಂತು ನೀವೇ ಗೊತ್ತು ಮಾಡಿದಿರಿ. ಅಷ್ಟರಲ್ಲಿ ನಿಮ್ಮ ಮೊಬೈಲು ಬಡಿದುಕೊಂಡಿತು. "ನೀನೇ ಕೇಳ್ಬುಡು ಲತಾ, ಒಸಿ ಮಾತಾಡ್ಕೊಂಡು ಬತ್ತೀನಿ" ಎಂದು ಹೊರಗೆ ಹೋದಿರಿ.

ನಾನು ಕಾರಿನ ವಿಷಯ ಕೇಳಲಿಲ್ಲ. ಅಮ್ಮನ ಮುಂದೆ ನಿಂತಾಗ ಮನಸ್ಸಿಗೆ ಬಂದದ್ದೇ ಬೇರೆ. ಇವರು ನನ್ನನ್ನು ಉಳಿಸಿಕೊಳ್ಳುವುದಾದರೆ ಬಲಗಡೆ ಕೊಡು ತಾಯಿ, ಇನ್ನೊಬ್ಬಳನ್ನು ತರುವುದಾದರೆ ಎಡಗಡೆ ಕೊಡು ಎಂದು ಕೇಳಿಕೊಂಡೆ. ಹೊರಗೆ ಬಂದಾಗ ನೀವು ನನ್ನ ಚಪ್ಪಲಿಯ ಹತ್ತಿರ ನಿಂತಿದ್ದಿರಿ. ಯಾವ ಕಡೆ ಎಂದಿರಿ. ಎಡಗಡೆ ಎಂದೆ. ನಿಮ್ಮ ಮುಖ ಸ್ವಲ್ಪ ಇಳಿಯಿತು, ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. "ಅಮ್ಮ ಹೇಳಿದ್ಮೇಲೆ ಮುಗೀತು" ಎಂದು ಮಾರನೆಯ ದಿನವೇ ಕರಿದನ್ನು ಬುಕ್ ಮಾಡಿ ಬಂದಿರಿ.

ಅಲ್ಲಿಂದ ನನಗೆ ಎಲ್ಲದರಲ್ಲೂ ಅದೇ ಕಾಣತೊಡಗಿತು. ನೀವು ಚನ್ನಪಟ್ಟಣಕ್ಕೆ ಹೋದರೆ ಹೆಣ್ಣು ನೋಡಲು ಎಂದುಕೊಂಡೆ. ಹೊಸ ಷರ್ಟು ಹಾಕಿದರೆ ಅದಕ್ಕೇ ಎಂದುಕೊಂಡೆ. ಅತ್ತೆ ನಿಮ್ಮನ್ನು ಕರೆದಾಗಲೆಲ್ಲ ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ನೀವು ಎಬ್ಬಿಸುವ ಮೊದಲು ನಾನೇ ಎದ್ದು ಹೋಗುವುದು ಮರ್ಯಾದೆ ಅನ್ನಿಸಿತು. ಕಾರು ಬಂದು ನಾಲ್ಕು ತಿಂಗಳಿಗೆ ತವರಿಗೆಂದು ಕುದೂರಿನ ಬಸ್ಸು ಹತ್ತಿದೆ.

ನೀವು ಎರಡು ಸಲ ಕರೆಯಲು ಬಂದಿರಿ. ನಮ್ಮ ಬೀದಿಯಲ್ಲಿ ಆ ಕಾರು ತಿರುಗುವುದಿಲ್ಲವೆಂದು ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಮನೆಯಲ್ಲಿಲ್ಲ ಎಂದು ಅಣ್ಣನ ಕೈಲಿ ಹೇಳಿಸಿದವಳು ನಾನೇ. ಎರಡನೇ ಸಲ ನೀವು ಜಗುಲಿಯ ಮೇಲೆ ಒಂದು ಗಂಟೆ ಕೂತಿರಿ. ಅಷ್ಟು ಹೊತ್ತೂ ನಾನು ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದೆ. ಇನ್ನೊಂದು ಸಲ ಬಂದಿದ್ದರೆ ನಿಮ್ಮ ಹಿಂದೆ ಬಂದುಬಿಡುತ್ತಿದ್ದೆ. ನೀವು ಬರಲಿಲ್ಲ.

ಹೋದ ವಾರ ಮುಕ್ತಿಯಾರ್ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ನನ್ನನ್ನು ನೋಡಿ ಅವನ ಕಣ್ಣು ತುಂಬಿಕೊಂಡವು. "ಬೆಳ್ಳಿದು ಓಡ್ಸಿದ್ ದಿನ ಅಣ್ಣ ಅವ್ವನ್ ಜೊತೆ ಜಗಳ ಆಡ್ಕೊಂಡು ನನ್ ಗ್ಯಾರೇಜ್‌ಗೆ ಬಂದ್ಬುಟ್ಟಿದ್ರು ಅಕ್ಕ. ಲತಾ ಬುಟ್ಟು ಇನ್ನೊಬ್ಳು ನಮ್ಮನೆ ಹೊಸಿಲು ತುಳಿಯಂಗಿಲ್ಲ ಅಂತ ಹೇಳ್ಬುಟ್ಟೆ ಕಣ್ಲಾ ಅಂದ್ರು. ಅವಳಿಗೆ ಸೊಂಟನೋವು, ಬೆಳ್ಳಿದೇ ತಗೋತೀನಿ ಅಂತಾನೂ ಅಂದ್ರು" ಎಂದ. ಮುಕ್ತಿಯಾರ್‌ಗೆ ಹೇಳಿದ ಮಾತನ್ನು ನನಗೆ ಹೇಳಬಾರದಿತ್ತೇ? ಹೇಳಲಿಲ್ಲ ಸರಿ, ನಾನಾದರೂ ಕೇಳಬಹುದಿತ್ತು. ದೇವರನ್ನು ಕೇಳಿದವಳು ಪಕ್ಕದಲ್ಲಿ ಮಲಗುವ ಗಂಡನನ್ನು ಕೇಳಲಿಲ್ಲ. ಎದೆ ಒಡೆದು ಹೋಯಿತು, ಬೇರೆ ಹೇಗೆ ಬರೆಯಬೇಕೋ ಗೊತ್ತಿಲ್ಲ.

ನಿಮಗೆ ಕನಕಪುರದ ಕಡೆಯ ಹೆಣ್ಣು ಗೊತ್ತಾಗಿ ವೀಳ್ಯವೂ ಆಗಿದೆ ಎಂದು ಹೇಳಿದವನೂ ಅವನೇ. ಹೆಸರು ಧನಲಕ್ಷ್ಮಿಯಂತೆ, ತಂದೆ ಇಲ್ಲದ ಹುಡುಗಿಯಂತೆ. ಆ ದಿನ ಬಿಡದಿಯ ಬಸ್ಸು ಹತ್ತಿ ಕೂತಿದ್ದೆ. ಈಗ ನಾನು ಬಂದು ನಿಂತರೆ ಅವಳನ್ನು ಆಮೇಲೆ ಯಾರು ಮಾಡಿಕೊಳ್ಳುತ್ತಾರೆ ಎಂದು ಯೋಚನೆ ಬಂತು. ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟೆ.

ಈ ಕಾಗದವನ್ನು ಅತ್ತೆಗೂ ಓದಿ ಹೇಳಿ. ಅಮ್ಮನ ಅಪ್ಪಣೆ ಇತ್ತೆಂದು ತಿಳಿದರೆ ಅವರ ಮನಸ್ಸು ಹಗುರವಾಗುತ್ತದೆ. ಧನಲಕ್ಷ್ಮಿಯ ಹತ್ತಿರ ಮಾತಾಡಿ. ಮನಸ್ಸಿನಲ್ಲಿದ್ದದ್ದನ್ನು ಅವಳಿಗೇ ಹೇಳಿ, ಗ್ಯಾರೇಜಿನಲ್ಲಲ್ಲ.

ಇಂದಿನವರೆಗೆ ನಿಮ್ಮವಳು,
ಲತಾಮಣಿ

ವಿ.ಸೂ.: ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅತ್ತೆಗೆ ಓದಬೇಡಿ. ಆ ದಿನ ಹೂವೇ ಬೀಳಲಿಲ್ಲ. ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. "ಇನ್ನೊಸಿ ಹೊತ್ತು ನಿಲ್ಲವ್ವ, ಅಮ್ಮ ಕೊಡ್ತಾಳೆ" ಎಂದು ಪೂಜಾರಪ್ಪ ಹೇಳಿದರು. ನಿಲ್ಲಲು ನನಗೆ ಭಯವಾಯಿತು, ಕೈಮುಗಿದು ಹೊರಗೆ ಬಂದೆ. ಎಡಗಡೆ ಎಂದದ್ದು ನಾನು. ಅತ್ತೆ ತಟ್ಟಿದ ಆ ಸೀಟು ನಮ್ಮ ಮನೆಗೆ ಬರಬಾರದು ಎಂದಷ್ಟೇ ಸುಳ್ಳು ಹೇಳಿದೆ. ದಿನ ಕಳೆದ ಹಾಗೆ ಅದನ್ನು ಅಮ್ಮನೇ ಹೇಳಿದಳೆಂದು ನಂಬಿದೆ. ನಾನು ಏನು ಮಾಡಿದೆ ಎಂದು ಕೇಳಿದ್ದಿರಿ. ನೀವು ಏನೂ ಮಾಡಿರಲಿಲ್ಲ.