ನಾನು ಬರೆದುಕೊಟ್ಟ ‘ಹೊರೆ’

ಮಾನ್ಯ ಶಾಸಕರೇ,

ಇದನ್ನು ಹೇಳದೆ ಬಿಡಬೇಕೆಂದೇ ಇದ್ದೆ: ಅತಿ ಶ್ರೀಮಂತರ ಮೇಲಿನ ಹೆಚ್ಚುವರಿ ತೆರಿಗೆಯನ್ನು ವಿರೋಧಿಸಿ ಕಳೆದ ವಾರ ಸದನದಲ್ಲಿ ನೀವು ಆಡಿದ ಮಾತು ನಿಮ್ಮದಲ್ಲ, ನನ್ನದು. ‘ಈ ಹೊರೆ ಹೊತ್ತವರ ಬೆನ್ನು ಮುರಿಯುತ್ತದೆ.’ ಉದ್ಯಮಿಗಳ ಸಂಘದ ಕಚೇರಿಯಲ್ಲಿ ನಾನು ಅನುವಾದಕಿ. ಅವರ ಇಂಗ್ಲಿಷ್ ಮನವಿಯನ್ನು ನಿಮಗಾಗಿ ಕನ್ನಡಕ್ಕೆ ತಂದವಳು ನಾನೇ. ಮೂಲದಲ್ಲಿ ಬೆನ್ನು ಇರಲಿಲ್ಲ. ಅದನ್ನು ನಾನು ಸೇರಿಸಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳಿಗೆ ಇಷ್ಟು ಒಳ್ಳೆಯ ಕನ್ನಡ ಬಂತಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

ನಿಮ್ಮ ಭಾಷಣ ಸರ್ಕಾರಿ ಆಸ್ಪತ್ರೆಯ ಟಿ.ವಿ.ಯಲ್ಲೂ ಬಂತು. ಅಲ್ಲಿ ನನ್ನ ಅಕ್ಕ ಗುತ್ತಿಗೆಯ ಆಯಾ. ಲಿಫ್ಟ್ ಕೆಟ್ಟು ಹನ್ನೊಂದು ತಿಂಗಳಾಯಿತು, ದುರಸ್ತಿಗೆ ಅನುದಾನವಿಲ್ಲವಂತೆ. ರೋಗಿಯನ್ನು ಬೆಡ್‌ಶೀಟಿನಲ್ಲಿ ಮಲಗಿಸಿ, ನಾಲ್ವರು ನಾಲ್ಕು ಮೂಲೆ ಹಿಡಿದು ಮೂರನೇ ಮಹಡಿಗೆ ಹತ್ತಿಸುತ್ತಾರೆ. ತಲೆಯ ಕಡೆಯ ಎಡಮೂಲೆ ಅಕ್ಕನದು. ಆ ಭುಜ ಈಗ ಮೇಲೇಳುವುದಿಲ್ಲ. ಭಾರ ಎತ್ತಬಾರದೆಂದು ಅದೇ ಆಸ್ಪತ್ರೆಯ ವೈದ್ಯರು ಚೀಟಿ ಬರೆದಿದ್ದಾರೆ. ಚೀಟಿ ತೋರಿಸಿದರೆ ಕೆಲಸ ಹೋಗುತ್ತದೆ, ತೋರಿಸದಿದ್ದರೆ ಕೈ.

ಭಾನುವಾರ ಅವಳ ತಲೆ ಬಾಚುತ್ತಿದ್ದೆ. ಈಗ ಅದು ನನ್ನ ಕೆಲಸ.

“ಏನೇ, ಅವರ ಬೆನ್ನಿಗೆ ಏನಾಗಿದ್ಯಂತೆ?” ಎಂದಳು.

“ಯಾರ ಬೆನ್ನಿಗೆ?”

“ಅದೇ, ಟೀವೀಲಿ ಹೇಳಿದ್ರಲ್ಲ, ಮುರಿಯುತ್ತೆ ಅಂತ. ನಮ್ಮಲ್ಲಿಗೇ ಕರ್ಕೊಂಡ್ ಬರ್ಲಿ. ಮೇಲಕ್ಕೆ ಎತ್ಕೊಂಡ್ ಹೋಗ್ತೀವಿ.”

ನನ್ನ ಕೈಯಲ್ಲಿ ಬಾಚಣಿಗೆ ನಿಂತಿತು. “ಅದನ್ನ ಬರ್ದಿದ್ದು ನಾನೇ ಅಕ್ಕ.”

“ಚೆನ್ನಾಗೇ ಬರ್ದಿದ್ದೀಯ ಬಿಡು. ಬೆನ್ನು ಯಾರ್ದು ಅನ್ನೋದೊಂದು ತಪ್ಪಿದೆ, ಅಷ್ಟೇ.”

ಸಂಬಳ ಪಡೆದು ಬರೆದವಳಿಗೆ ಈಗ ಪ್ರಶ್ನಿಸುವ ಹಕ್ಕಿದೆಯೇ? ಖಚಿತವಿಲ್ಲ. ಆದರೂ ಕೇಳುತ್ತೇನೆ. ಈ ಮಸೂದೆ ಮುಟ್ಟುವುದು, ಎರಡು ತಲೆಮಾರು ಕೂತು ಉಂಡರೂ ಕರಗದಷ್ಟು ಆಸ್ತಿ ಇರುವವರನ್ನು ಮಾತ್ರ. ಬರುವ ಹಣ ಸರ್ಕಾರಿ ಆಸ್ಪತ್ರೆಗಳಿಗೆಂದು ಅದರಲ್ಲೇ ಇದೆ. ತಾವು ಆ ಪುಟದವರೆಗೆ ಓದಿದಿರೋ, ಅಥವಾ ನನ್ನ ವಾಕ್ಯ ಸಿಕ್ಕಿದ ಕೂಡಲೇ ನಿಲ್ಲಿಸಿದಿರೋ? ನಮ್ಮ ಸಂಘದ ಕಟ್ಟಡದಲ್ಲಿ ಎರಡು ಲಿಫ್ಟ್‌ಗಳಿವೆ. ಒಂದು ಅಧ್ಯಕ್ಷರಿಗೇ ಮೀಸಲು. ಆ ಲಿಫ್ಟಿನಲ್ಲೂ ಅವರ ಫೈಲು ಹಿಡಿದು ನಿಲ್ಲುವವಳು ನಾನು. ಅಂಥವರ ಬೆನ್ನಿನ ಬಗ್ಗೆ ತಮಗಿರುವ ಕಾಳಜಿಗೆ ಏನೆನ್ನಲಿ?

ಆದ್ದರಿಂದ ‘ಹೊರೆ’ಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಆ ಜಾಗದಲ್ಲಿ ‘ಪಾಲು’ ಎಂದು ಓದಿಕೊಳ್ಳಿ. ಇಪ್ಪತ್ತನೇ ತಾರೀಖು ಸದನದಲ್ಲಿ ಮಸೂದೆಯ ಪರ ಕೈ ಎತ್ತಿ. ಎತ್ತಬಲ್ಲ ಕೈ ನಿಮಗಿದೆ.

ಇಂತಿ,
ತಪ್ಪು ಬೆನ್ನಿಗೆ ಮರುಗಿದ ಅನುವಾದಕಿ

ಅಕ್ಕನ ಗುತ್ತಿಗೆಗೆ ಮತ್ತೆ ಸಹಿ ಬೀಳುವುದು ಮಾರ್ಚ್ ಹದಿನೈದಕ್ಕೆ. ಈ ಪತ್ರ ಅಂಚೆಗೆ ಬೀಳುವುದು ಹದಿನಾರಕ್ಕೆ.